ಟಾರ್ಪಾಲಿನ ಹಿಂದೆ ಪಂಚರ್ ಹಾಕುವ ಜಹನಾರಾ ಮುಮಾನಿ

ನನ್ನ ಅಕ್ಷರ ಚೆನ್ನಾಗಿಲ್ಲ. ಶಾಲೆ ಬಿಟ್ಟ ಮೇಲೆ ಬರೆಯುವ ಅಭ್ಯಾಸ ತಪ್ಪಿಹೋಗಿದೆ, ಒತ್ತಕ್ಷರ ಬಂದಲ್ಲೆಲ್ಲ ಕೈ ನಿಂತುಬಿಡುತ್ತದೆ. ಮನೆಯಲ್ಲಿ ನಾವು ಆಡುವುದು ದಖ್ನಿ. ಕನ್ನಡ ನನಗೆ ಬಂದದ್ದು ಶಿವಾಜಿನಗರದ ಸರ್ಕಾರಿ ಶಾಲೆಯಲ್ಲಿ, ಅದೂ ಒಂಬತ್ತನೇ ತರಗತಿಯವರೆಗೆ ಮಾತ್ರ. ಆದ್ದರಿಂದ ಎಲ್ಲಾದರೂ ಮಾತು ತಪ್ಪಿದ್ದರೆ ಓದುವವರು ದಯವಿಟ್ಟು ಕ್ಷಮಿಸಬೇಕು. ಶಾಲೆಯ ಪತ್ರಿಕೆಗೆ, ಶಾಲೆ ಬಿಟ್ಟು ಹೋದವರೂ ಬರೆಯಬಹುದು, ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಜೀವನದ ಬಗ್ಗೆ ಬರೆಯಿರಿ ಎಂದು ನಮ್ಮ ಕನ್ನಡದ ಮಾರಿಯಾ ಮಿಸ್ ಹೇಳಿ ಕಳುಹಿಸಿದ್ದರು. ಪ್ರತಿ ಹಾಳೆಯನ್ನೂ ಮೊದಲು ಪೆನ್ಸಿಲಿನಲ್ಲಿ ಬರೆದು ಆಮೇಲೆ ಪೆನ್ನಿನಲ್ಲಿ ತಿದ್ದಿದ್ದೇನೆ. ನಮ್ಮವರು ದಖ್ನಿಯಲ್ಲಿ ಆಡಿದ್ದನ್ನು ಕನ್ನಡದಲ್ಲೇ ಕೊಟ್ಟಿದ್ದೇನೆ.

ನಾನು ಬರೆಯುವುದು ಜಹನಾರಾ ಮುಮಾನಿಯ ಬಗ್ಗೆ. ಅಮ್ಮನ ಅಣ್ಣನನ್ನು ನಾವು ಮಾಮು ಎನ್ನುತ್ತೇವೆ, ಮಾಮುವಿನ ಹೆಂಡತಿ ಮುಮಾನಿ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಆದ್ರೆ ನನ್ನ ಹೊಗಳಬೇಡ, ಕಣ್ಣು ತಗುಲುತ್ತೆ" ಎಂದರು.

ಮಂಜೂರ್ ಮಾಮುವಿನ ಪಂಚರ್ ಅಂಗಡಿ ಬೈಯಪ್ಪನಹಳ್ಳಿಯಲ್ಲಿದೆ. ಮೆಟ್ರೋ ನಿಲ್ದಾಣದಿಂದ ಒಳಗೆ ಬರುವ ರಸ್ತೆಯಲ್ಲಿ ಮುನಿವೆಂಕಟಪ್ಪ ಎನ್ನುವ ಯಜಮಾನರ ಎತ್ತರದ ಕಟ್ಟಡ, ಅದರ ತುಂಬ ಬಾಡಿಗೆ ಕೋಣೆಗಳು. ಮೊದಲು ಆ ಜಾಗದಲ್ಲಿ ಅವರ ರಾಗಿ ಹೊಲ ಇತ್ತಂತೆ. ಕಟ್ಟಡದ ಗೇಟಿನ ಪಕ್ಕದ ಮೂಲೆಯಲ್ಲಿ ಅಂಗಡಿ. ಅಂಗಡಿಯ ಹಿಂದೆ, ಮೆಟ್ಟಿಲ ಕೆಳಗೆ, ಮಾಮು ಮುಮಾನಿ ಇರುವ ಕೋಣೆ. ಆ ಕೋಣೆಯ ಚಾವಣಿ ಇಳಿಜಾರಾಗಿದೆ. ಬಾಗಿಲ ಹತ್ತಿರ ನೆಟ್ಟಗೆ ನಿಲ್ಲಬಹುದು, ಒಲೆಯ ಹತ್ತಿರ ಹೋಗುವಾಗ ಬಗ್ಗಬೇಕು. ಮೇಲಿನವರು ಹತ್ತಿ ಇಳಿಯುವುದೆಲ್ಲ ತಲೆಯ ಮೇಲೆಯೇ ಕೇಳಿಸುತ್ತದೆ.

ಅಂಗಡಿಗೂ ಕೋಣೆಗೂ ಬಾಡಿಗೆ ಇಲ್ಲ. ಅದರ ಬದಲು ಮಾಮು ಬೆಳಕು ಹರಿಯುವ ಮೊದಲು ಗೇಟು ತೆಗೆಯಬೇಕು, ನೀರಿನ ಮೋಟರು ಹಾಕಬೇಕು, ಒಳಗೆ ನಿಲ್ಲಿಸಿದ ಬೈಕುಗಳನ್ನು ಒಂದೊಂದಾಗಿ ಸರಿಸಿ ಆಫೀಸಿಗೆ ಹೋಗುವವರಿಗೆ ದಾರಿ ಬಿಡಬೇಕು, ಯಜಮಾನರ ಮನೆಯ ಗಾಡಿಗಳ ಗಾಳಿ ಪಂಚರ್ ನೋಡಿಕೊಳ್ಳಬೇಕು. ಒಂದು ದಿನವೂ ಅಂಗಡಿ ಮುಚ್ಚಬಾರದು. ಇದು ಬಾಯಿಮಾತಿನ ಒಪ್ಪಂದ. ಗೇಟಿನ ಬೀಗದ ಕೈ ಮಾಮುವಿನ ಸೊಂಟದ ದಾರದಲ್ಲೇ ಇರುತ್ತಿತ್ತು. ಹಬ್ಬದ ದಿನ ನಮಾಜು ಮುಗಿಸಿ ಓಡಿಬರುತ್ತಿದ್ದರು. ನಮ್ಮ ಮನೆಯ ಮದುವೆಗಳಿಗೆ ಇಬ್ಬರೂ ಒಟ್ಟಿಗೆ ಬಂದದ್ದನ್ನು ನಾನು ನೋಡಿಲ್ಲ. ಒಬ್ಬರು ಬಂದರೆ ಇನ್ನೊಬ್ಬರು ಗೇಟಿನ ಹತ್ತಿರ.

ಮುಮಾನಿ ಹುಟ್ಟಿ ಬೆಳೆದದ್ದು ಶಿವಾಜಿನಗರದಲ್ಲಿ. ಅವರ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಮದುವೆಮನೆಯ ಅಡುಗೆಯ ದೊಡ್ಡ ತಾಮ್ರದ ದೇಗಿಶಾಗಳು ಅವರ ಮನೆಯ ಮುಂದೆ ಸಾಲಾಗಿ ಬಂದು ಕೂರುತ್ತಿದ್ದವಂತೆ. ಕಲಾಯಿಗೆ ಮೊದಲು ಪಾತ್ರೆಯ ಒಳಗನ್ನು ಉಜ್ಜಿ, ಬಟ್ಟೆಯಿಂದ ಒರೆಸಿ, ಮುಖ ಕಾಣುವ ಹಾಗೆ ಮಾಡಬೇಕು. ಒಂದು ಬೆರಳಿನ ಗುರುತು ಉಳಿದರೂ ತವರ ಹಿಡಿಯುವುದಿಲ್ಲ. ಆ ಒರೆಸುವ ಕೆಲಸ ಚಿಕ್ಕಂದಿನಲ್ಲಿ ಮುಮಾನಿಯದಾಗಿತ್ತು. ಈಗಲೂ ಅವರ ಕೈಗೆ ಏನು ಸಿಕ್ಕಿದರೂ ಮೊದಲು ಒರೆಸುತ್ತಾರೆ. ಲೋಟ ಕೊಟ್ಟರೆ ಲೋಟ, ಚಪ್ಪಲಿ ಕೊಟ್ಟರೆ ಚಪ್ಪಲಿ. "ನಿನ್ನ ಮುಮಾನಿಗೆ ಹಾವು ಸಿಕ್ಕಿದ್ರೂ ಒರೆಸಿಯೇ ಹೊಡೆಯೋದು" ಎಂದು ಮಾಮು ನಗುತ್ತಿದ್ದರು.

ಅವರಿಗೆ ಹೊಲಿಗೆ ಬರುತ್ತದೆ. ಮದುವೆಗೆ ಮುಂಚೆ ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಸೀರೆಗೆ ಫಾಲ್ ಹಾಕುತ್ತಿದ್ದರು. ಈಗ ಅಲ್ಲಿಯೇ ಅವರ ತಮ್ಮ ಮುಬೀನ್ ಭಾಯ್ ಬಟ್ಟೆ ಸರಿಮಾಡುವ ಸಣ್ಣ ಅಂಗಡಿ ಇಟ್ಟಿದ್ದಾರೆ. ಕಿಟಕಿಯ ಹತ್ತಿರ ಒಂದು ಮಷೀನನ್ನು ಅಕ್ಕನಿಗೆಂದೇ ಬಿಟ್ಟಿದ್ದಾರೆ. "ಅಲ್ಲಿ ಕೂತ್ರೆ ಕತ್ತು ಎತ್ತಿದಾಗೆಲ್ಲ ಜನ ಕಾಣ್ತಾರೆ" ಎಂದು ಮುಮಾನಿ ಒಂದು ಸಲ ಹೇಳಿದ್ದರು. ಮಕ್ಕಳಿಲ್ಲದ ಮನೆ, ಮಧ್ಯಾಹ್ನ ಹೋಗಿ ಸಂಜೆ ಬರಬಹುದು ಎಂದು ಕಳೆದ ರಂಜಾನ್ ಮುಗಿದ ಮೇಲೆ ಮಾಮು ಕೂಡ ಒಪ್ಪಿದ್ದರು. ಮುಮಾನಿ ಹೊಸ ಕತ್ತರಿ ತಂದಿಟ್ಟುಕೊಂಡಿದ್ದರು.

ಅದೇ ಸಮಯದಲ್ಲಿ ಮಾಮುವಿನ ಕೈಗೆ ಪೆಟ್ಟಾಯಿತು. ತರಕಾರಿ ಸಾಗಿಸುವ ಹಳೇ ಟೆಂಪೊ ಒಂದರ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು. ಅಂಥ ಚಕ್ರಗಳಲ್ಲಿ ಟೈರನ್ನು ಹಿಡಿದಿಡಲು ಕಬ್ಬಿಣದ ಬಳೆಯೊಂದು ಇರುತ್ತದೆ. ಅದು ಸರಿಯಾಗಿ ಕೂತಿರಲಿಲ್ಲ, ಗಾಳಿಯ ಒತ್ತಡಕ್ಕೆ ಸಿಡಿದು ಬಲ ಮಣಿಕಟ್ಟಿಗೆ ಬಡಿಯಿತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಿಟ್ಟು ಕಟ್ಟಿದರು, ಬಿಚ್ಚಿದರು. ಮೂಳೆ ಕೂಡಿಕೊಂಡಿತು, ಆದರೆ ಬೆರಳು ಮಡಚಲು ಬರುವುದಿಲ್ಲ. ಇನ್ನು ಇಷ್ಟೇ ಎಂದು ಡಾಕ್ಟರು ಹೇಳಿದ್ದನ್ನು ಮಾಮು ಹೊರಗಿನವರು ಯಾರಿಗೂ ಹೇಳಲಿಲ್ಲ. ಯಜಮಾನರಿಗೆ "ವಾಸಿ ಆಗ್ತಾ ಇದೆ" ಎಂದರು.

ಹೇಳದಿರಲು ಕಾರಣ ಇತ್ತು. ಯಜಮಾನರ ಮೊಮ್ಮಗ ಲಿಖಿತ್‌ಗೆ ಆ ಮೂಲೆಯ ಮೇಲೆ ಕಣ್ಣು. ಮೆಟ್ರೋದಿಂದ ಬರುವವರಿಗೆ ಅಲ್ಲಿ ಟೀ ಕೌಂಟರ್ ಹಾಕಬೇಕು ಎಂದು ತಾತನ ಹಿಂದೆ ಬಿದ್ದಿದ್ದ. ಪಂಚರ್ ಹಾಕಲಾಗದವನಿಗೆ ಅಂಗಡಿ ಯಾಕೆ ಎಂದರೆ ಉತ್ತರ ಇಲ್ಲ. ಅಂಗಡಿ ಹೋದರೆ ಕೋಣೆಯೂ ಹೋಗುತ್ತದೆ. ಶಿವಾಜಿನಗರದ ನಮ್ಮ ಮನೆಯಲ್ಲಿ ಈಗಾಗಲೇ ಒಬ್ಬರ ಕಾಲು ಇನ್ನೊಬ್ಬರ ತಲೆಗೆ ತಾಗುತ್ತದೆ.

ಆದ್ದರಿಂದ ಮುಮಾನಿ ಅಂಗಡಿಯ ಒಳಭಾಗಕ್ಕೆ ನೀಲಿ ಟಾರ್ಪಾಲು ಕಟ್ಟಿದರು. ಮಾಮು ಹೊರಗೆ ಸ್ಟೂಲಿನ ಮೇಲೆ ಕೂರುವುದು, ಗಿರಾಕಿಯ ಜೊತೆ ಮಾತಾಡುವುದು, ಚಕ್ರದ ನಟ್ಟುಗಳನ್ನು ಉದ್ದ ಪಾನಾದ ಮೇಲೆ ಕಾಲಿಟ್ಟು ತುಳಿದು ಬಿಚ್ಚುವುದು, ಚಕ್ರವನ್ನು ಎಡಗೈಯಿಂದ ಉರುಳಿಸಿ ಟಾರ್ಪಾಲಿನ ಒಳಗೆ ತಳ್ಳುವುದು. ಒಳಗಿನ ಕೆಲಸ ಮುಮಾನಿಯದು. ಅವರಿಗೆ ಚಕ್ರ ಹಿಡಿದುಕೊಳ್ಳಲು ಯಾರಾದರೂ ಬೇಕಿತ್ತು. ಶಾಲೆ ಬಿಟ್ಟು ಮನೆಯಲ್ಲಿದ್ದ ನನ್ನನ್ನು ಅಮ್ಮ ಕಳುಹಿಸಿದರು. ನಾನು ಹೊಸಬರ ಎದುರು ಮಾತಾಡಲಾರೆ, ಗಂಟಲು ಕಟ್ಟುತ್ತದೆ. ಶಾಲೆ ಬಿಟ್ಟದ್ದೂ ಅದಕ್ಕೇ. ಎದ್ದು ನಿಂತು ಉತ್ತರ ಹೇಳು ಎಂದರೆ ಗೊತ್ತಿದ್ದ ಉತ್ತರವೂ ಬರುತ್ತಿರಲಿಲ್ಲ. ಆದ್ದರಿಂದ ಟಾರ್ಪಾಲಿನ ಹಿಂದೆ ನನಗೆ ಹಿತವಾಗಿತ್ತು. ಯಾರಿಗೂ ಕಾಣಿಸುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ.

ಮುಮಾನಿಗೆ ಹಾಗಿರಲಿಲ್ಲ. ಬಿಸಿಲೇರಿದರೆ ಒಳಗೆ ಎಲ್ಲವೂ ನೀಲಿಯಾಗಿ ಕಾಣುತ್ತದೆ, ಕೈ, ಗೋಡೆ, ನೀರಿನ ತೊಟ್ಟಿ. ಪ್ಯಾಚು ಅಂಟಿಸುವ ಸೊಲ್ಯೂಷನ್ನಿನ ವಾಸನೆ ಹೊರಗೆ ಹೋಗುವುದಿಲ್ಲ. ಹೊರಗೆ ಗಿರಾಕಿ ನಿಂತಿದ್ದರೆ ಕೆಮ್ಮುವ ಹಾಗಿಲ್ಲ. ಮುಮಾನಿ ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದರು. ಟಾರ್ಪಾಲಿಗೆ ಒಂದು ಕಡೆ ಸಣ್ಣ ಹರಕು ಇತ್ತು. ಕೆಲಸ ಇಲ್ಲದಾಗ ಅದರ ಹತ್ತಿರ ಮುಖ ಇಟ್ಟುಕೊಂಡು ರಸ್ತೆ ನೋಡುತ್ತಾ ನಿಲ್ಲುತ್ತಿದ್ದರು.

ಕೆಲಸ ಅವರು ಬೇಗ ಕಲಿತರು ಎಂದು ಹೇಳಲಾರೆ. ಕಾರಿನ ಟೈರನ್ನು ರಿಮ್ಮಿನಿಂದ ಬಿಡಿಸಲು ಮೊದಮೊದಲು ಇಬ್ಬರೂ ಅದರ ಮೇಲೆ ಹತ್ತಿ ನಿಂತು ಕುಣಿಯಬೇಕಾಗುತ್ತಿತ್ತು. ಲಿವರ್ ಜಾರಿ ಅವರ ಗದ್ದಕ್ಕೆ ಪೆಟ್ಟಾಯಿತು. ಆದರೆ ಪ್ಯಾಚು ಮಾತ್ರ ಮೊದಲಿನಿಂದಲೂ ಚೆನ್ನಾಗಿ ಕೂರುತ್ತಿತ್ತು. ಟೈರಿನ ಒಳಮೈಯನ್ನು ಅರದಿಂದ ಉಜ್ಜಿ, ಒರೆಸಿ, ಮತ್ತೆ ಉಜ್ಜಿ, ಮತ್ತೆ ಒರೆಸಿ, ಆಮೇಲೆ ಸೊಲ್ಯೂಷನ್ ಹಚ್ಚುತ್ತಿದ್ದರು. "ಕಲಾಯಿಗೂ ಇದೇ. ಕೊಳೆ ಇದ್ರೆ ಹಿಡಿಯಲ್ಲ" ಎನ್ನುತ್ತಿದ್ದರು.

ಈಗ ಮಾಮುವಿನ ಅಂಗಡಿಯ ಒಂದು ಪದ್ಧತಿ ಹೇಳಬೇಕು. ಟೈರಿನಲ್ಲಿ ತೂತು ಸಿಕ್ಕಿದ ಕಡೆಯೆಲ್ಲ ಮಾಮು ಸೀಮೆಸುಣ್ಣದಿಂದ ಸುತ್ತು ಹಾಕುತ್ತಾರೆ. ತೂತು ಮುಚ್ಚಿದ ಮೇಲೆ ಆ ಸುತ್ತನ್ನು ಅಳಿಸಬೇಕು. ಹೊರಗೆ ಬಂದ ಚಕ್ರದ ಮೇಲೆ ಸುಣ್ಣದ ಗುರುತು ಇಲ್ಲದಿದ್ದರೆ ಕೆಲಸ ಮುಗಿದಿದೆ ಎಂದು ಅರ್ಥ. ಬೇರೆ ಏನೂ ಕೇಳುವುದಿಲ್ಲ.

ಎರಡನೇ ಮಹಡಿಯ ವಸಂತ್ ಅಣ್ಣ ಟ್ಯಾಕ್ಸಿ ಓಡಿಸುತ್ತಾರೆ. ಅವರು ಟೈರಿಗಾಗಿ ಊರೆಲ್ಲ ಸುತ್ತಿ ಕೊನೆಗೆ ಇಲ್ಲಿಗೇ ಬರುತ್ತಾರೆ. ಒಂದು ದಿನ ಅವರ ಚಕ್ರ ಒಳಗಿತ್ತು, ಅವರು ಹೊರಗೆ ಮಾಮುವಿನ ಹತ್ತಿರ ಮಾತಾಡುತ್ತಿದ್ದರು.

"ಇಂದಿರಾನಗರದಲ್ಲಿ ಒಂದು ಗಾಜಿನ ಅಂಗಡಿಗೆ ಹೋಗಿದ್ದೆ ಮಂಜೂರಣ್ಣ. ಎಸಿ ರೂಮಲ್ಲಿ ಕೂರಿಸಿ ಕಾಫಿ ಕೊಟ್ರು. ಕಾಫಿ ಕುಡಿದ ಮೇಲೆ ನಾಲ್ಕೂ ಟೈರು ಹೋಗಿದೆ ಅಂದ್ರು. ಕುಡಿದುಬಿಟ್ಟಿದ್ದೀನಲ್ಲ, ಇಲ್ಲ ಅನ್ನೋಕೂ ನಾಚಿಕೆ."

"ಹಾಕಿಸ್ಕೊಂಡ್ರಾ?" ಎಂದರು ಮಾಮು.

"ಟಾಯ್ಲೆಟ್ ಎಲ್ಲಿ ಅಂತ ಕೇಳಿ ಹಾಗೇ ಬಂದ್ಬಿಟ್ಟೆ. ಆಮೇಲೆ ಹಳೇ ಮದ್ರಾಸ್ ರೋಡಲ್ಲಿ ಇನ್ನೊಬ್ಬ. ಒಂದು ಮೊಳೆಗೆ ಮೂರು ತೂತು ತೋರಿಸ್ದ. ಎರಡು ಅವನೇ ಮಾಡಿದ್ದು. ನೀವು ನಿಧಾನ, ಆದ್ರೆ ಇದ್ದಿದ್ದು ಇದ್ದ ಹಾಗೆ ಹೇಳ್ತೀರ. ಅಂದ ಹಾಗೆ ಒಳಗೆ ಯಾರಣ್ಣ?"

"ಒಬ್ಬ ಹುಡುಗ ಬಂದಿದ್ದಾನೆ, ಊರಿಂದ."

"ಹುಡುಗ ಬಳೆ ಹಾಕ್ಕೊಂಡಿದ್ದಾನಾ?"

ಮುಮಾನಿಯ ಕೈ ಅಲ್ಲೇ ನಿಂತಿತು. ಮಾಮು, "ಅದು ಕಂಪ್ರೆಸರ್ ಬೆಲ್ಟು. ಸಡಿಲ ಆಗಿದೆ" ಎಂದರು.

"ಬೆಲ್ಟು ಚೆನ್ನಾಗಿ ಹಾಡುತ್ತೆ ಗುರು" ಎಂದರು ವಸಂತ್ ಅಣ್ಣ. ಅವರಿಗೆ ಗೊತ್ತಾಗಿತ್ತು, ಆದರೆ ಯಾರಿಗೂ ಹೇಳಲಿಲ್ಲ. ಮುಮಾನಿ ಆವತ್ತು ಸಂಜೆ ಕೈಗೆ ಸೋಪು ಹಚ್ಚಿಕೊಂಡು ಬಳೆಗಳನ್ನು ತೆಗೆದು ಅಕ್ಕಿಯ ಡಬ್ಬದಲ್ಲಿಟ್ಟರು.

ಹೀಗೆ ಮಳೆಗಾಲ ಕಳೆಯಿತು. ಮುಬೀನ್ ಭಾಯ್ ಆಗಾಗ ಫೋನ್ ಮಾಡಿ, "ಆಪಾ, ಮಷೀನಿನ ಮೇಲೆ ಧೂಳು ಕೂತಿದೆ, ಯಾವಾಗ ಬರ್ತೀಯ?" ಎಂದು ಕೇಳುತ್ತಿದ್ದರು. "ಇವರ ಕೈ ಸ್ವಲ್ಪ ಸರಿ ಹೋಗ್ಲಿ" ಎನ್ನುತ್ತಿದ್ದರು ಮುಮಾನಿ. ಸರಿ ಹೋಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಫೋನ್ ಇಟ್ಟ ಮೇಲೆ ಫೋನನ್ನೂ ಒರೆಸುತ್ತಿದ್ದರು.

ಒಂದು ಬೆಳಗ್ಗೆ ಯಜಮಾನರು ಅವಸರದಲ್ಲಿ ಇಳಿದು ಬಂದರು. ಕೆ.ಆರ್. ಪುರದಲ್ಲಿ ಅವರ ತಂಗಿಯ ಮನೆಯಲ್ಲಿ ನಿಶ್ಚಿತಾರ್ಥ, ಹೆಣ್ಣಿನ ಕಡೆಯ ಹಿರಿಯರು ಇವರೇ. ಕಾರಿನ ಹಿಂದಿನ ಟೈರು ಕೂತಿತ್ತು. "ಬೇಗ ನೋಡಯ್ಯ ಮಂಜೂರು, ಮುಹೂರ್ತ ಮೀರುತ್ತೆ" ಎಂದರು. ಹಿಂದಿನ ದಿನ ಕಟ್ಟಡ ಕಟ್ಟುವ ಕಡೆ ಕಾರು ಓಡಾಡಿತ್ತು, ಟೈರಿನ ತುಂಬ ಕೆಸರು. ಮಾಮು ಅದನ್ನು ಬಿಚ್ಚಿ, ಸೋಪಿನ ನೀರು ಹಾಕಿ ನೋಡಿದರು. ಒಂದು ಮೊಳೆ, ಅದರಾಚೆ ಒಂದು ಸ್ಕ್ರೂ. ಎಡಗೈಯಿಂದ ಎರಡು ಸುತ್ತು ಬರೆದು ಚಕ್ರವನ್ನು ಒಳಗೆ ತಳ್ಳಿದರು. ಅಷ್ಟರಲ್ಲಿ ಮೇಲಿನಿಂದ ಯಾರೋ ನೀರು ಬರುತ್ತಿಲ್ಲ ಎಂದು ಕೂಗಿದರು, ಅವರು ಮೋಟರಿನ ಕಡೆ ಹೋದರು.

ಮುಮಾನಿ ಚಕ್ರ ಬಂದ ತಕ್ಷಣ ಒದ್ದೆ ಬಟ್ಟೆ ತೆಗೆದುಕೊಂಡು ಕೆಸರು ಒರೆಸಿದರು. ಮೊಳೆ ಕಾಣಿಸಿತು, ಕಿತ್ತರು. ಟೈರು ಬಿಡಿಸಿ, ಒಳಮೈ ಉಜ್ಜಿ, ಒರೆಸಿ, ಪ್ಯಾಚು ಹಾಕಿದರು. ಗಾಳಿ ತುಂಬಿ, ಮೊಳೆ ಇದ್ದ ಕಡೆ ಮಾತ್ರ ಸೋಪಿನ ನೀರು ಬಿಟ್ಟು ಗುಳ್ಳೆ ಬರುವುದಿಲ್ಲ ಎಂದು ನೋಡಿದರು. ನಾನು ರಿಮ್ಮು ಹಿಡಿದುಕೊಂಡಿದ್ದೆ, ನನ್ನ ಕಡೆಯಿಂದ ಟೈರಿನ ಹೊರಮೈ ಕಾಣುತ್ತಿರಲಿಲ್ಲ. ಸ್ಕ್ರೂ ತಲೆಯವರೆಗೂ ಟೈರಿನ ಗೆರೆಯೊಳಗೆ ಹೂತುಹೋಗಿತ್ತು, ಒಳಮೈಯಲ್ಲಿ ಅದರ ತುದಿಯೂ ಎದ್ದು ಕಾಣುತ್ತಿರಲಿಲ್ಲ. ಅದನ್ನು ತೋರಿಸುವ ಸುತ್ತು ಕೆಸರಿನ ಜೊತೆ ಬಟ್ಟೆಗೆ ಬಂದಿತ್ತು.

ಮಾಮು ಮರಳಿ ಬಂದು ನೋಡಿದರು. ಚಕ್ರದ ಮೇಲೆ ಒಂದೂ ಗುರುತಿಲ್ಲ. ಎರಡೂ ಮುಚ್ಚಿವೆ ಎಂದುಕೊಂಡು ಕಾರಿಗೆ ಹಾಕಿಕೊಟ್ಟರು.

ಕಾರು ಹೋದ ಮೇಲೆ ಮುಮಾನಿ ಬಟ್ಟೆ ಹಿಂಡಲು ಬಕೆಟ್ಟಿನ ಹತ್ತಿರ ಕೂತರು. ಕೆಸರು ನೀರಿನಲ್ಲಿ ಬಿಳಿ ಬಿಳಿಯಾಗಿ ಸುಣ್ಣ ತೇಲಿತು. "ಇಷ್ಟೊಂದು ಸುಣ್ಣ ಯಾಕೆ?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಮಾಮುವನ್ನು ಒಳಗೆ ಕರೆದು, "ಎಷ್ಟು ತೂತು ಇತ್ತು?" ಎಂದು ಕೇಳಿದರು.

"ಎರಡು. ಯಾಕೆ?"

ಮುಮಾನಿ ಬಕೆಟ್ಟನ್ನು ಅವರ ಕಡೆ ಸರಿಸಿದರು. ಮಾಮು ಬಕೆಟ್ಟು ನೋಡಿದರು, ಅವರ ಮುಖ ನೋಡಿದರು, ಫೋನ್ ತೆಗೆದು ಯಜಮಾನರಿಗೆ ಮಾಡಿದರು. ಎತ್ತಲಿಲ್ಲ. ನಿಶ್ಚಿತಾರ್ಥದ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆವು. ಅವರು ಅಲ್ಲಿಗೆ ತಲುಪಿಯೇ ಇರಲಿಲ್ಲ.

ಊಟ ಯಾರಿಗೂ ಸೇರಲಿಲ್ಲ. ಮಾಮು ಗೇಟಿನ ಹತ್ತಿರ ಕೂತು ರಸ್ತೆ ನೋಡುತ್ತಿದ್ದರು. ಮುಮಾನಿ ಟಾರ್ಪಾಲಿನ ಹರಕಿನ ಹತ್ತಿರ ನಿಂತಿದ್ದರು. ಒಂದು ಸಲ ನನ್ನ ಕಡೆ ತಿರುಗಿ, "ನಾಜಿಶ್, ಈ ಅಂಗಡಿ ಹೋದ್ರೆ ನಾನು ಮುಬೀನನ ಹತ್ರ ಹೋಗಬಹುದು ಅಲ್ವಾ" ಎಂದರು. ಕೇಳಿದ್ದೋ ಹೇಳಿದ್ದೋ ನನಗೆ ತಿಳಿಯಲಿಲ್ಲ. "ಮಾಮು ಎಲ್ಲಿಗೆ ಹೋಗ್ತಾರೆ?" ಎಂದೆ. "ಅದೇ" ಎಂದು ಮತ್ತೆ ಹೊರಗೆ ನೋಡಿದರು.

ಮಧ್ಯಾಹ್ನ ಕಾರು ಬಂತು, ಸ್ಟೆಪ್ನಿಯ ಮೇಲೆ. ಟಿನ್ ಫ್ಯಾಕ್ಟರಿ ಹತ್ತಿರದ ಟ್ರಾಫಿಕ್ಕಿನ ನಡುವೆ ಟೈರು ಕೂತಿತ್ತಂತೆ. ಲಿಖಿತ್ ರೇಷ್ಮೆ ಪಂಚೆ ಮೇಲಕ್ಕೆ ಕಟ್ಟಿಕೊಂಡು ಬಸ್ಸುಗಳ ಮಧ್ಯೆ ಚಕ್ರ ಬದಲಾಯಿಸಬೇಕಾಯಿತಂತೆ. ದಾರಿಯಲ್ಲಿ ಒಂದು ದೊಡ್ಡ ಅಂಗಡಿಯವರು ಇದು ಆಗುವುದಿಲ್ಲ, ಹೊಸದೇ ಹಾಕಿಸಿ ಎಂದರಂತೆ. ಮುಂದೆ ರಸ್ತೆ ಬದಿಯಲ್ಲಿ ಲಾರಿ ಚಕ್ರಗಳ ನಡುವೆ ಕೂತಿದ್ದ ಒಬ್ಬ ಪಂಚರಿನವರು ನೋಡಿ, ಸ್ಕ್ರೂ ಕಿತ್ತು ಕೈಗೆ ಕೊಟ್ಟು, "ನಂಗೀಗ ಪುರುಸೊತ್ತಿಲ್ಲ. ಇದನ್ನ ಒಳಗೇ ಬಿಟ್ಟವರು ಯಾರೋ, ಅವರನ್ನೇ ಕೇಳಿ" ಎಂದರಂತೆ. ನಿಶ್ಚಿತಾರ್ಥದ ತಾಂಬೂಲ ಇವರಿಲ್ಲದೇ ಬದಲಾಗಿತ್ತು.

ಯಜಮಾನರು ಕೂಗಾಡಲಿಲ್ಲ. ಕಾರಿನಿಂದ ಇಳಿದು ಮಾಮುವಿನ ಮುಂದೆ ಬಂದು ನಿಂತರು. "ಕೈ ಚಾಚು" ಎಂದರು.

ಮಾಮು ಎಡಗೈ ಚಾಚಿದರು.

"ಅದಲ್ಲ. ಬಲಗೈ."

ಮಾಮು ಬಲಗೈ ಚಾಚಿದರು. ಯಜಮಾನರು ಅಂಗೈಯಲ್ಲಿ ಸ್ಕ್ರೂ ಇಟ್ಟು, "ವಾಸಿ ಆಗ್ತಾ ಇದೆ ಅಂದ್ಯಲ್ಲ. ಮುಷ್ಟಿ ಹಿಡಿ ನೋಡೋಣ" ಎಂದರು.

ಹರಕಿನಿಂದ ನನಗೂ ಕಾಣುತ್ತಿತ್ತು. ಮಾಮುವಿನ ಬೆರಳುಗಳು ಮಡಚಿಕೊಳ್ಳಲಿಲ್ಲ. ಕೈ ಓರೆಯಾಗಿ ಸ್ಕ್ರೂ ಕೆಳಗೆ ಬಿತ್ತು, ಉರುಳಿ ಟಾರ್ಪಾಲಿನ ಅಂಚಿನ ಹತ್ತಿರ ಬಂದು ನಿಂತಿತು.

"ತಾತ, ನಾನು ಹೇಳಿರ್ಲಿಲ್ವಾ?" ಎಂದ ಲಿಖಿತ್. ಅವನ ಪಂಚೆಗೆ ಗ್ರೀಸು ಮೆತ್ತಿತ್ತು. "ಪಂಚರ್ ಅಂಗಡಿಯಲ್ಲಿ ಪಂಚರ್ ಹಾಕೋರೇ ಇಲ್ಲ. ಟೀ ಕೌಂಟರ್ ಹಾಕಿದ್ರೆ ಟೀ ಆದ್ರೂ ಸಿಗುತ್ತೆ."

ಮಾಮು ತಲೆ ತಗ್ಗಿಸಿದರು. "ತಪ್ಪಾಯ್ತು ಯಜಮಾನ್ರೇ. ನನ್ನ ಕೈಯಲ್ಲೇ ತಪ್ಪಾಗಿದ್ದು" ಎಂದರು.

ಮುಮಾನಿ ಸುಮ್ಮನೆ ಇದ್ದಿದ್ದರೆ ಅಲ್ಲಿಗೆ ಅಂಗಡಿ ಹೋಗುತ್ತಿತ್ತು, ಅವರು ಮುಬೀನ್ ಭಾಯ್ ಹತ್ತಿರ ಹೋಗಬಹುದಿತ್ತು. ಅವರು ನನ್ನ ಪಕ್ಕದಲ್ಲೇ ನಿಂತಿದ್ದರು, ಅವರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಬಗ್ಗಿ, ಟಾರ್ಪಾಲಿನ ಕೆಳಗಿನಿಂದ ಕೈ ಹೊರಗೆ ಹಾಕಿ ಸ್ಕ್ರೂ ತೆಗೆದುಕೊಂಡರು. ಆಮೇಲೆ ಟಾರ್ಪಾಲು ಸರಿಸಿ ಹೊರಗೆ ಹೋದರು. ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದರು. ಮೊಣಕೈವರೆಗೂ ಕಪ್ಪು.

"ಮಾಡಿದ್ದು ನಾನು ಯಜಮಾನ್ರೇ. ಎರಡು ಗುರುತಿತ್ತು, ನಾನು ಒರೆಸ್ಬಿಟ್ಟೆ. ಅವರು ಸರಿಯಾಗೇ ಬರೆದಿದ್ರು."

ಯಜಮಾನರು ಅವರ ಕೈಗಳನ್ನು ನೋಡಿದರು. "ಎಷ್ಟು ದಿನದಿಂದ?"

"ಹಿಟ್ಟು ಬಿಚ್ಚಿದಾಗಿಂದ. ನಿಮ್ಮ ಗಾಡಿ ಪಂಚರೆಲ್ಲ ನಾನೇ ಹಾಕಿರೋದು."

"ಅಂದ್ರೆ ಇಬ್ಬರೂ ಸೇರಿ ನಂಗೆ ಮಂಕುಬೂದಿ ಎರಚಿದ್ರಿ."

"ಹೌದು" ಎಂದರು ಮುಮಾನಿ.

ಅಣ್ಣಮ್ಮ, ಯಜಮಾನರ ಹೆಂಡತಿ, ಕಾರಿನೊಳಗೇ ಕೂತಿದ್ದರು. ಅವರು ಗಾಜು ಇಳಿಸಿ, "ಮಾತು ಆಮೇಲೆ ಆಡ್ರೀ. ಚಕ್ರ ಡಿಕ್ಕೀಲಿದೆ, ತೂತು ಹಾಗೇ ಇದೆ. ಜಾನಮ್ಮ ಮಾಡ್ತಾಳೋ ಇಲ್ವೋ ಇಲ್ಲೇ ಮಾಡಿಸಿ ನೋಡಿ" ಎಂದರು. ಜಹನಾರಾ ಎನ್ನಲು ಅವರಿಗೆ ಬರುವುದಿಲ್ಲ, ಮೊದಲಿನಿಂದಲೂ ಜಾನಮ್ಮ ಎಂದೇ ಕರೆಯುತ್ತಾರೆ.

ಲಿಖಿತ್ ಚಕ್ರ ತೆಗೆದು ನೆಲಕ್ಕೆ ಹಾಕಿದ. ಮುಮಾನಿ ನನ್ನನ್ನು ಕರೆದರು. ನಾನು ಟಾರ್ಪಾಲಿನ ಹಿಂದೆಯೇ ನಿಂತೆ. ಮತ್ತೆ ಕರೆಯಲಿಲ್ಲ, ಒಬ್ಬರೇ ಶುರು ಮಾಡಿದರು. ಟೈರಿನ ಮೇಲೆ ಹತ್ತಿ ನಿಂತು ತುಳಿದರು, ಒಂದು ಕಡೆ ಬಿಟ್ಟಿತು, ಇನ್ನೊಂದು ಕಡೆ ಬಿಡಲಿಲ್ಲ. ಮೇಲಿನ ಮಹಡಿಯಿಂದ ಯಾರೋ ಇಣುಕಿದರು. ಲಿವರ್ ಒಂದು ಸಲ ಜಾರಿ ಕಲ್ಲಿಗೆ ಬಡಿಯಿತು, ಲಿಖಿತ್ ನಕ್ಕ. ಆಗ ನಾನು ಹೊರಗೆ ಹೋಗಿ ರಿಮ್ಮು ಹಿಡಿದುಕೊಂಡೆ. ತಲೆ ಎತ್ತಲಿಲ್ಲ. ಮುಮಾನಿ ಟೈರು ಬಿಡಿಸಿದರು. ಒರೆಸಲು ಬಟ್ಟೆಗೆ ಕೈ ಹಾಕಿದವರು ನಿಲ್ಲಿಸಿ, ತೂತಿನ ಸುತ್ತ ತಾವೇ ಸೀಮೆಸುಣ್ಣದಿಂದ ಗುರುತು ಬರೆದರು, ಒಳಮೈಯಲ್ಲೂ ಬರೆದರು. ಆಮೇಲೆ ಅರ, ಬಟ್ಟೆ, ಸೊಲ್ಯೂಷನ್, ಪ್ಯಾಚು. ಗಾಳಿ ತುಂಬಿದ ಮೇಲೆ ಸುತ್ತಲೂ ಸೋಪಿನ ನೀರು ಸುರಿದರು. ಎಲ್ಲರೂ ನೋಡುತ್ತಿದ್ದರು. ಗುಳ್ಳೆ ಬರಲಿಲ್ಲ.

"ಸಾಯಂಕಾಲದವರೆಗೂ ಹೀಗೇ ಇರ್ಲಿ" ಎಂದು ಯಜಮಾನರು ಮೇಲೆ ಹೋದರು. ಚಕ್ರ ಗೇಟಿಗೆ ಒರಗಿಕೊಂಡಿತ್ತು. ನಾವು ಮೂವರೂ ಅದನ್ನೇ ನೋಡುತ್ತಾ ಕೂತೆವು. ಟ್ಯಾಕ್ಸಿಯಿಂದ ಇಳಿದ ವಸಂತ್ ಅಣ್ಣ ಟಾರ್ಪಾಲು ಸರಿದಿರುವುದನ್ನು, ಮುಮಾನಿ ಹೊರಗೆ ಕೂತಿರುವುದನ್ನು ನೋಡಿ, "ಬೆಲ್ಟು ಬಿಗಿ ಮಾಡ್ಸಿದ್ರಾ ಅಕ್ಕ?" ಎಂದರು. ಮುಮಾನಿ ನಕ್ಕರು. ಆ ದಿನದಲ್ಲಿ ಅದೊಂದೇ ನಗು.

ಕತ್ತಲಾಗುವ ಮೊದಲು ಯಜಮಾನರು ಇಳಿದು ಬಂದು ಚಕ್ರವನ್ನು ಕಾಲಿನಿಂದ ಒತ್ತಿ ನೋಡಿದರು. ಗಟ್ಟಿಯಾಗಿತ್ತು. "ಆಯ್ತಮ್ಮ. ಅಂಗಡಿ ಇರ್ಲಿ, ಕೋಣೆ ಇರ್ಲಿ. ಆದ್ರೆ ಇನ್ನು ಮಂಜೂರನ ಮಾತು ನಾನು ನಂಬಲ್ಲ. ಗೇಟು, ಮೋಟರು, ಗಾಡಿ, ಎಲ್ಲಕ್ಕೂ ನೀನೇ ಜವಾಬ್ದಾರಿ. ಬೆಳಗ್ಗೆ ತೆಗಿಯೋದ್ರಿಂದ ರಾತ್ರಿ ಹಾಕೋವರ್ಗೂ ನೀನು ಇಲ್ಲೇ ಇರ್ಬೇಕು. ಒಂದು ದಿನ ತಪ್ಪಿದ್ರೂ ಲಿಖಿತಂಗೆ ಕೊಟ್ಬಿಡ್ತೀನಿ" ಎಂದರು.

ಮಾಮು ಸೊಂಟದ ದಾರದಿಂದ ಬೀಗದ ಕೈ ಬಿಚ್ಚಲು ಹೋದರು. ಎಡಗೈಗೆ ಗಂಟು ಸಿಗಲಿಲ್ಲ. ಮುಮಾನಿ ಬಗ್ಗಿ ತಾವೇ ಬಿಚ್ಚಿದರು, ಒರೆಸಿ, ಸೆರಗಿನ ತುದಿಗೆ ಕಟ್ಟಿಕೊಂಡರು. ಬಹಳ ಹೊತ್ತು ಒರೆಸಿದರು.

ಟಾರ್ಪಾಲು ಈಗ ಇಲ್ಲ. ಅದನ್ನು ಮಡಚಿ ಮೆಟ್ಟಿಲ ಕೆಳಗೆ ಇಟ್ಟಿದ್ದೇವೆ. ಮುಮಾನಿ ಬಯಲಲ್ಲೇ ಕೆಲಸ ಮಾಡುತ್ತಾರೆ, ಕೆಮ್ಮು ಬಂದರೆ ಜೋರಾಗಿ ಕೆಮ್ಮುತ್ತಾರೆ. ಕೆಲವು ಗಿರಾಕಿಗಳು ಹೆಂಗಸನ್ನು ನೋಡಿ ಮುಂದೆ ಹೋಗುತ್ತಾರೆ. ಕೆಲವರು ನಿಂತು ನೋಡುತ್ತಾರೆ, ಅದು ಇನ್ನೂ ಕಷ್ಟ. ಬಳೆಗಳನ್ನು ಮತ್ತೆ ಹಾಕಿಕೊಂಡಿದ್ದಾರೆ. ಆದರೆ ಅವರು ಗೇಟು ಬಿಟ್ಟು ರಸ್ತೆಯ ಆ ಕಡೆಯ ತರಕಾರಿ ಗಾಡಿಯವರೆಗೂ ಹೋಗುವುದಿಲ್ಲ, ನನ್ನನ್ನು ಕಳುಹಿಸುತ್ತಾರೆ. ಕೂತಾಗ, ನಿಂತಾಗ, ಸೆರಗಿನ ತುದಿ ಮುಟ್ಟಿ ನೋಡಿಕೊಳ್ಳುತ್ತಾರೆ. ಮೊದಲು ಮಾಮು ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದ ಹಾಗೆ. ಮಾಮುವಿಗೆ ಈಗ ಎಲ್ಲಿಗೆ ಬೇಕಾದರೂ ಹೋಗಲು ಬಿಡುವಿದೆ. ಅವರು ಎಲ್ಲಿಗೂ ಹೋಗುವುದಿಲ್ಲ. ಸ್ಟೂಲಿನ ಮೇಲೆ ಕೂತು ಟೈರುಗಳ ಮೇಲೆ ಸೀಮೆಸುಣ್ಣದಿಂದ ಗುರುತು ಬರೆಯುತ್ತಾರೆ, ಮೊದಲಿಗಿಂತ ದಪ್ಪವಾಗಿ.

ಮೊನ್ನೆ ಮುಬೀನ್ ಭಾಯ್ ಫೋನ್ ಮಾಡಿದರು. ಒಬ್ಬ ಹೆಂಗಸು ಕೆಲಸ ಕೇಳಿಕೊಂಡು ಬಂದಿದ್ದಾಳೆ, ಮಷೀನು ಅವಳಿಗೆ ಕೊಡಲೇ ಎಂದು ಕೇಳಿದರು.

"ಕೊಡು" ಎಂದರು ಮುಮಾನಿ. "ಸುಮ್ನೆ ಯಾಕೆ ಖಾಲಿ ಬಿಡ್ತೀಯ."

ಆಮೇಲೆ ಹೊಸ ಕತ್ತರಿಯನ್ನು ತಂದು ಟ್ಯೂಬು ಕತ್ತರಿಸಲು ಅಂಗಡಿಯ ಹಲಗೆಯ ಮೇಲೆ ಇಟ್ಟರು. ಹಳೇ ಕತ್ತರಿ ಮೊಂಡಾಗಿತ್ತು, ನಿಜ. ಆದರೂ ನಾನು ಅದನ್ನು ತೆಗೆದು ಒಳಗೆ ಅಕ್ಕಿಯ ಡಬ್ಬದ ಹಿಂದೆ ಇಟ್ಟೆ. ಅವರು ನೋಡಿದರು, ಬೈಯಲಿಲ್ಲ.

ಯಜಮಾನರು ಹೇಳಿದ್ದು ಮುಮಾನಿ ಇಲ್ಲೇ ಇರಬೇಕು ಎಂದು. ಅದನ್ನು ಸ್ವಲ್ಪ ಸಡಿಲ ಮಾಡಿ ಎಂದು ಅವರನ್ನು ಕೇಳಬೇಕಾದರೆ ಮಾತಾಡಬೇಕು, ಅದೂ ಕನ್ನಡದಲ್ಲಿ, ಅದೂ ಅವರ ಮುಖ ನೋಡಿ. ಹೇಳಬೇಕಾದ ಮಾತುಗಳನ್ನು ಇದೇ ಹಾಳೆಗಳ ಜೊತೆ ಪೆನ್ಸಿಲಿನಲ್ಲಿ ಬರೆದು ಓದಿಕೊಂಡಿದ್ದೇನೆ. ಅಣ್ಣಮ್ಮನವರು ಬೆಳಗ್ಗೆ ತುಳಸಿಗೆ ನೀರು ಹಾಕಲು ಕೆಳಗೆ ಬರುತ್ತಾರೆ, ಆಗ ಮೊದಲು ಅವರಿಗೆ ಹೇಳಿದರೆ ಗಂಟಲು ಅಷ್ಟು ಕಟ್ಟಲಿಕ್ಕಿಲ್ಲ. ನಾಳೆ ಈ ಹಾಳೆಗಳನ್ನು ಮಾರಿಯಾ ಮಿಸ್‌ಗೆ ಕೊಟ್ಟು, ಅಲ್ಲಿಂದ ಕಮರ್ಷಿಯಲ್ ಸ್ಟ್ರೀಟಿಗೆ ನಡೆದುಹೋಗಿ, ಮಷೀನನ್ನು ಸದ್ಯ ಯಾರಿಗೂ ಕೊಡಬೇಡಿ ಎಂದು ಮುಬೀನ್ ಭಾಯ್‌ಗೆ ಹೇಳಿ ಬರುತ್ತೇನೆ. ನಾಡಿದ್ದು ಬೆಳಗ್ಗೆ ಅಣ್ಣಮ್ಮನವರ ಎದುರು ನಿಂತು, ಮುಮಾನಿ ಹೊಲಿಗೆಗೆ ಹೋಗಿಬರಲಿ, ಶುಕ್ರವಾರ ಮಧ್ಯಾಹ್ನ ಗೇಟಿನ ಬೀಗದ ಕೈ ನನ್ನ ಹತ್ತಿರ ಇರಲಿ ಎಂದು ಕೇಳುತ್ತೇನೆ.